ಒಂದನೇ ನಂಬರಿನ ಬಿಲ್ಲೆ

ಹಾಜರಪ್ಪ ತನ್ನ ಜೀವನದಲ್ಲಿ ಒಂದೇ ಒಂದು ಸಲ ಜಂಬ ಕೊಚ್ಚಿಕೊಂಡ. ಅದೂ ಬಾಯಲ್ಲಲ್ಲ, ಬೋರ್ಡಿನಲ್ಲಿ. ಬಾಯಲ್ಲಾಗಿದ್ದರೆ ಗಾಳಿಗೆ ಹೋಗುತ್ತಿತ್ತು. ಬೋರ್ಡಿಗೆ ಎರಡು ಕೋಟು ಬಣ್ಣ ಹೊಡೆದು, ಅಳತೆ ಹಿಡಿದು ಅಕ್ಷರ ಬರೆದು, ನಾಲ್ಕು ಮೊಳೆ ಜಡಿದಿದ್ದರಿಂದ ಅದು ಗಾಳಿಗೆ ಹೋಗಲಿಲ್ಲ, ಸರ್ಕಾರಕ್ಕೆ ಹೋಯಿತು.

ಹಾಜರಪ್ಪ ಎನ್ನುವುದು ಅವನ ಹೆಸರಲ್ಲ. ನಿಜವಾದ ಹೆಸರನ್ನು ಮದುವೆಯ ದಿನ ಯಾರೋ ಒಮ್ಮೆ ಗಟ್ಟಿಯಾಗಿ ಓದಿದ್ದರು. ಆಮೇಲೆ ಅದು ಬಳಕೆಗೆ ಬಂದಿರಲಿಲ್ಲ. ಬಟನ್ ಕಾರ್ಖಾನೆಯ ಗೇಟಿನ ಪಕ್ಕದ ಗೂಡಿನಲ್ಲಿ ಇಪ್ಪತ್ತಾರು ವರ್ಷ ಕೂತು ಬಂದವರ, ಹೋದವರ ಹಾಜರಿ ಬರೆದವನು ಅವನು. ಗೂಡಿನ ಗೋಡೆಗೆ ಒಂದು ಹಲಗೆ, ಹಲಗೆಗೆ ಮುನ್ನೂರ ಹನ್ನೆರಡು ಮೊಳೆ, ಮೊಳೆಗೊಂದು ಹಿತ್ತಾಳೆಯ ಬಿಲ್ಲೆ, ಬಿಲ್ಲೆಗೊಂದು ನಂಬರು. ಬೆಳಿಗ್ಗೆ ಬಿಲ್ಲೆ ತೆಗೆದುಕೊಂಡು ಒಳಗೆ ಹೋಗಬೇಕು, ಸಂಜೆ ಐದೂಕಾಲಕ್ಕೆ ಅದೇ ಮೊಳೆಗೆ ಹಾಕಿ ಹೊರಗೆ ಬರಬೇಕು. ಬಿಲ್ಲೆ ಮೊಳೆಯ ಮೇಲಿದ್ದರೆ ಮನುಷ್ಯ ಹೊರಗೆ, ಇಲ್ಲದಿದ್ದರೆ ಒಳಗೆ. ಮನುಷ್ಯನೇ ಎದುರು ನಿಂತು ‘ಹೊರಗಿದ್ದೀನಿ ಸ್ವಾಮಿ’ ಎಂದು ಕೈ ಮುಗಿದರೂ ಹಾಜರಪ್ಪ ಮೊದಲು ಮೊಳೆ ನೋಡುತ್ತಿದ್ದ.

ಒಂದು ನಿಮಿಷ ತಡವಾದರೆ ಕೆಂಪು ಶಾಯಿ. ಪುಸ್ತಕದಲ್ಲಿ ‘ಕಾರಣ’ ಎಂಬ ಕಾಲಂ ಇತ್ತು, ಆದರೆ ಭೂಮಿಯ ಮೇಲಿನ ಯಾವ ಕಾರಣವೂ ಹಾಜರಪ್ಪನಿಗೆ ಹಿಡಿಸುತ್ತಿರಲಿಲ್ಲ. ಬಟನ್‌ಗೆ ತೂತು ಕೊರೆಯುವ ವಿಭಾಗದ ಮೇಸ್ತ್ರಿ ಒಂದು ದಿನ ಹೆಂಡತಿಗೆ ಹೆರಿಗೆ ನೋವು ಶುರುವಾಗಿ ಅರ್ಧ ಗಂಟೆ ತಡವಾಗಿ ಬಂದ. ಹಾಜರಪ್ಪ ಕೆಂಪು ಶಾಯಿಯಲ್ಲಿ ಬರೆದ: ‘ಮನೆಯಿಂದ ಕರೆ. ಒಪ್ಪಿಲ್ಲ.’ ಆ ದಿನ ಹುಟ್ಟಿದ ಮಗಳಿಗೆ ಈಗ ಮದುವೆಯಾಗಿ ಎರಡು ಮಕ್ಕಳು. ಮೇಸ್ತ್ರಿ ಮಾತ್ರ ಅದನ್ನು ಮರೆತಿರಲಿಲ್ಲ. ಮರೆಯದವನು ದೂರ ಎಲ್ಲಾದರೂ ಇದ್ದಿದ್ದರೆ ಚಿಂತೆಯಿರಲಿಲ್ಲ, ಹಾಜರಪ್ಪನ ತಲೆಯ ಮೇಲಿನ ಮನೆಯಲ್ಲೇ ಇದ್ದ.

ಜನ ಬಟನ್ ಬಿಟ್ಟು ಜಿಪ್ಪಿಗೆ ತಿರುಗಿದ್ದರಿಂದ ಹನ್ನೊಂದು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿತು. ಹೋಗುವಾಗ ಕಂಪನಿ ತನ್ನ ಕಾಂಪೌಂಡಿಗೆ ಅಂಟಿಕೊಂಡಿದ್ದ ಕೆಳಮನೆಗಳವರಿಗೆ ಅವರವರ ಹಿಂದಿನ ತುಂಡು ಜಾಗ ಬರೆದುಕೊಟ್ಟಿತು. ಹಾಜರಪ್ಪನ ಪಾಲಿಗೆ ಬಂದದ್ದು ಅಡುಗೆಮನೆಯ ಹಿಂದಿನ ಗೋಡೆಯಾಚೆ, ನಲವತ್ತಡಿ ಉದ್ದ, ಹದಿನೆಂಟಡಿ ಅಗಲ. ಬಾಯ್ಲರಿನ ಬೂದಿ ಮತ್ತು ಒಡೆದ ಬಟನ್ ಸುರಿಯುತ್ತಿದ್ದ ಜಾಗ. ಕಾಗದವನ್ನು ಹಾಜರಪ್ಪ ಪೆಟ್ಟಿಗೆಯಲ್ಲಿಟ್ಟ. ಜಾಗ ಗೋಡೆಯಾಚೆ ಉಳಿಯಿತು.

ಹಾಜರಪ್ಪನ ಹೆಂಡತಿಗೆ ಗಿಡದ ಹುಚ್ಚು. ಗಿಡ ಇಡಲು ನೆಲವಿಲ್ಲದೆ ಅವಳು ಅವನ್ನೆಲ್ಲ ಮೇಲ್ಮನೆಗೆ ಹೋಗುವ ಮೆಟ್ಟಿಲ ಮೇಲೆ ಇಟ್ಟಿದ್ದಳು. ಎಣ್ಣೆ ಡಬ್ಬ, ಬಣ್ಣದ ಡಬ್ಬ, ಹಿಡಿ ಮುರಿದ ಬಕೆಟ್ಟು, ಒಟ್ಟು ನಲವತ್ತಮೂರು. ಮೆಟ್ಟಿಲು ತಿರುಗುವಲ್ಲಿ, ಕಿಟಕಿಯ ಬಿಸಿಲಿಗೆ, ದೊಡ್ಡ ಡ್ರಮ್ಮಿನಲ್ಲಿ ನಿಂಬೆಗಿಡ. ಕಾರ್ಖಾನೆ ಮುಚ್ಚಿದ ವಾರ ಹಾಕಿದ ಬೀಜ. ಹನ್ನೊಂದು ವರ್ಷದಲ್ಲಿ ಅದು ಏಳು ಕಾಯಿ ಬಿಟ್ಟಿತ್ತು, ಏಳರಲ್ಲಿ ಒಂದೊಂದೂ ಯಾವ ದಿನ ಯಾವ ಅಡುಗೆಗೆ ಹೋಯಿತೆಂದು ಅವಳು ಹೇಳಬಲ್ಲವಳಾಗಿದ್ದಳು. ಕಿಟಕಿಯಿಂದ ಬರುವ ಕಾಗೆ ಚಿಗುರು ಕುಕ್ಕದಿರಲೆಂದು ಅದರ ತುದಿಗೆ ಹೊಳೆಯುವ ಏನನ್ನೋ ಕಟ್ಟಿದ್ದಳು.

ಒಂದು ಭಾನುವಾರ ಅವಳ ತಮ್ಮ ಬಂದ. ನಲ್ಲಿ, ಪೈಪಿನ ಅಂಗಡಿಯವನು. ಹೊಸ ಮನೆ, ಮುಂದೆ ಹುಲ್ಲುಹಾಸು, ಹುಲ್ಲಿನ ನಡುವೆ ತಿರುಗುತ್ತ ನೀರು ಚಿಮ್ಮುವ ಯಂತ್ರ. ಬಾಗಿಲವರೆಗೂ ಇಳಿದಿದ್ದ ಡಬ್ಬಗಳ ನಡುವೆ ಕಾಲು ಹುಡುಕಿಕೊಂಡು ಬಂದವನು ಒಳಗೆ ಕೂತು ಬೂಟು ನೋಡಿಕೊಂಡ.

“ಅಕ್ಕಾ, ಇದು ಮನೆಯೋ ಡಬ್ಬದ ಅಂಗಡಿಯೋ? ಭಾವ, ಸ್ವಲ್ಪ ಯೋಚನೆ ಮಾಡಿ. ತೋಟ ಅಂದ್ರೆ ತೋಟ ಇರ್ಬೇಕು. ಇದು ಮೆಟ್ಟಿಲು.”

“ನಮಗೂ ಇದೆ ತೋಟ,” ಎಂದ ಹಾಜರಪ್ಪ.

“ಎಲ್ಲಿ?”

“ಹಿಂದುಗಡೆ.”

ಹೆಂಡತಿ ಕಾಫಿ ಲೋಟ ಕೆಳಗಿಟ್ಟು ಗಂಡನ ಮುಖ ನೋಡಿದಳು. ಅವಳ ಮದುವೆಯಾದ ಮೇಲೆ ಗಂಡ ಇಲ್ಲದ್ದನ್ನು ಇದೆ ಎಂದದ್ದು ಅದೇ ಮೊದಲು.

ಮರುದಿನ ಹಾಜರಪ್ಪ ಆ ಜಾಗದ ಪಕ್ಕದ ಸಂದಿಗೆ ಹೋಗಿ, ಹೊರಗಿನಿಂದಲೇ ಬೇಲಿಕಂಬಕ್ಕೆ ಬೋರ್ಡು ಜಡಿದು ಬಂದ: ‘ಖಾಸಗಿ ಗೃಹೋದ್ಯಾನ. ಹೂ ಕೀಳಬಾರದು.’ ಬೋರ್ಡಿನ ಹಿಂದೆ ಬೂದಿಗುಡ್ಡೆ, ಮುಳ್ಳುಗಿಡ, ತುಕ್ಕು ಹಿಡಿದ ಒಂದು ಚಕ್ರ. ಜನ ಆ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದರು.

ಹತ್ತು ದಿನಕ್ಕೆ ನಗರ ಯೋಜನಾ ಕಚೇರಿಯಿಂದ ನೋಟೀಸು ಬಂತು. ಕೈಗಾರಿಕಾ ಜಮೀನಿನಲ್ಲಿ ಅನುಮತಿಯಿಲ್ಲದೆ ಉದ್ಯಾನ ನಿರ್ಮಿಸಿರುವುದು ಕಂಡುಬಂದಿದೆ.

ಕಚೇರಿಯಲ್ಲಿ ಭೂಬಳಕೆಯ ಮೇಜು ಕಿಟಕಿಯಿಂದ ದೂರದ ಮೂಲೆಯಲ್ಲಿತ್ತು. ಅಲ್ಲಿನ ಮೇಡಂಗೆ ವರ್ಷವಿಡೀ ನೆಗಡಿ. ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ಮೊಹರು. ಎರಡೂ ಅದಲುಬದಲಾಗದಂತೆ ಅವರು ಬಹಳ ಎಚ್ಚರಿಕೆಯಿಂದ ಕೆಲಸ ಮಾಡುತ್ತಿದ್ದರು.

“ಅಲ್ಲಿ ತೋಟ ಇಲ್ಲ ಮೇಡಂ. ಬೋರ್ಡು ಮಾತ್ರ ಇರೋದು.”

“ಹಾಗಾದ್ರೆ ಬೋರ್ಡು ಸುಳ್ಳು.”

“ಸುಳ್ಳಲ್ಲ ಮೇಡಂ. ಮುಂದೆ ಆಗೋದು.”

“ಆಗೋದನ್ನ ಆದ ಹಾಗೆ ಬರ್ದಿದ್ದೀರಿ.” ಮೇಡಂ ಮೂಗೊರೆಸಿಕೊಂಡರು. “ಎರಡು ದಾರಿ ಇದೆ. ಬೋರ್ಡು ತೆಗೀಬೇಕು, ಇಲ್ಲಾಂದ್ರೆ ನಿಜ ಮಾಡ್ಬೇಕು. ಎರಡಕ್ಕೂ ಬೇರೆ ಬೇರೆ ಅರ್ಜಿ.”

“ಯಾವುದು ಚಿಕ್ಕದು?”

“ತೆಗೆಯೋದು. ಅರ್ಧ ಪುಟ.”

ಹಾಜರಪ್ಪನಿಗೆ ಭಾವಮೈದನ ಬೂಟು ಕಣ್ಣ ಮುಂದೆ ಬಂತು. “ನಿಜ ಮಾಡೋದು ಕೊಡಿ,” ಎಂದ. ಅದು ಇಪ್ಪತ್ತೆರಡು ಪುಟ ಇತ್ತು.

ಅರ್ಜಿ ಮನೆಗೆ ಬಂದ ದಿನವೇ ಮೇಸ್ತ್ರಿಯ ಚೀಟಿಯೂ ಬಂತು. ಮೇಸ್ತ್ರಿ ಕಟ್ಟಡದ ಸಂಘದ ಕಾರ್ಯದರ್ಶಿ. ಸಂಘದಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಲೆಟರ್‌ಹೆಡ್ ಇತ್ತು. ತಿಂಗಳ ಕೊನೆಯ ದಿನ ಮೆಟ್ಟಿಲಿಗೆ ಸುಣ್ಣ ಹೊಡೆಸಲಾಗುವುದು. ಅಷ್ಟರಲ್ಲಿ ಮೆಟ್ಟಿಲ ಮೇಲಿರುವ ಸಕಲ ವಸ್ತುಗಳನ್ನೂ ತೆರವು ಮಾಡತಕ್ಕದ್ದು. ಉಳಿದವು ಕಸದ ಗಾಡಿಗೆ.

ಹೆಂಡತಿ ಡ್ರಮ್ಮಿನ ಪಕ್ಕ ಕುಕ್ಕರಗಾಲಲ್ಲಿ ಕೂತು ತಳ ಮುಟ್ಟಿ ತೋರಿಸಿದಳು. ತುಕ್ಕು ತಿಂದ ತಗಡಿನ ಆಚೆಗೆ ಬೇರು ಬಂದಿತ್ತು.

“ಡಬ್ಬದವನ್ನ ಹೇಗೋ ಮಂಚದ ಕೆಳಗೆ ಸೇರಿಸ್ತೀನಿ. ಇದು ಮಂಚದ ಕೆಳಗೆ ಹೋಗಲ್ಲ. ಈ ತಿಂಗಳಲ್ಲಿ ನೆಲಕ್ಕೆ ಇಳಿಸದಿದ್ರೆ ಉಳಿಯೋದೂ ಇಲ್ಲ.”

“ಇಪ್ಪತ್ತೆರಡೇ ಪುಟ,” ಎಂದ ಹಾಜರಪ್ಪ.

ಹದಿನೆಂಟು ಪುಟ ಸಲೀಸಾಗಿ ಸಾಗಿತು. ಹತ್ತೊಂಬತ್ತನೆಯದು ಮಣ್ಣಿನ ಪರೀಕ್ಷೆ. ಪ್ರಯೋಗಾಲಯದವನು ಬಂದು ಬೇಲಿಯೊಳಗೆ ಕೈ ತೂರಿಸಿ ಒಂದು ಹಿಡಿ ತೆಗೆದುಕೊಂಡು ಹೋದ. ಉತ್ತರ ಬಂತು: ‘ಮಾದರಿಯಲ್ಲಿ ಮಣ್ಣು ನೂರಕ್ಕೆ ಅರವತ್ತು. ಉಳಿದದ್ದು ಬಟನ್. ಹೆಚ್ಚಿನವು ನಾಲ್ಕು ತೂತಿನವು. ಗಿಡಕ್ಕೆ ಹಾನಿಯಿಲ್ಲ.’ ಮೇಡಂ ಅದಕ್ಕೆ ಮೊಹರು ಒತ್ತಿದರು. ಇಪ್ಪತ್ತನೆಯ ಪುಟಕ್ಕೆ ಬಂದವರು ಒಂದು ಹಳೆಯ ಫೈಲು ತರಿಸಿ, ಬಿಚ್ಚಿ, ಬಹಳ ಹೊತ್ತು ಓದಿದರು.

“ಇದು ಆಗಲ್ಲ. ಕೈಗಾರಿಕೆ ನಿಂತಿದ್ರೆ ಮಾತ್ರ ತೋಟಕ್ಕೆ ಅನುಮತಿ. ನಿಮ್ಮ ಕಾರ್ಖಾನೆ ನಡೀತಾ ಇದೆ.”

“ಮುಚ್ಚಿ ಹನ್ನೊಂದು ವರ್ಷ ಆಯ್ತಲ್ಲ ಮೇಡಂ! ಚಾವಣಿ ಮೇಲೆ ಮರ ಬೆಳ್ದಿದೆ.”

“ಮರ ಫೈಲಲ್ಲಿಲ್ಲ.” ಮೇಡಂ ಒಂದು ಉದ್ದನೆಯ ಪುಸ್ತಕವನ್ನು ಅವನ ಕಡೆಗೆ ತಿರುಗಿಸಿದರು. “ಕೊನೇ ದಿನದ ಹಾಜರಿ. ಒಳಗೆ ಹೋದವರು ಮುನ್ನೂರ ಹನ್ನೆರಡು. ಹೊರಗೆ ಬಂದವರು ಮುನ್ನೂರ ಹನ್ನೊಂದು. ಒಬ್ಬ ಕೆಲಸಗಾರ ಇನ್ನೂ ಒಳಗಿದ್ದಾನೆ. ಒಳಗೆ ಆಳು ಇರೋ ತನಕ ಮುಚ್ಚಿದೆ ಅಂತ ನಾನು ಹೇಗೆ ಬರೀಲಿ?”

“ಇದು ಇಷ್ಟು ವರ್ಷ ಯಾರಿಗೂ...”

“ಯಾರೂ ಕೇಳಿರ್ಲಿಲ್ಲ.”

ಹಾಜರಪ್ಪ ಪುಸ್ತಕ ನೋಡಿದ. ಅವನದೇ ಅಕ್ಷರ, ಮಣಿ ಪೋಣಿಸಿದಂತೆ. ಹೊರಗೆ ಹೋದ ಸಮಯದ ಕಾಲಂನಲ್ಲಿ ಒಂದೇ ಒಂದು ಖಾಲಿ ಜಾಗ. ನಂಬರು ಒಂದು.

ಒಂದನೇ ನಂಬರು ಅವನದು.

ಆ ದಿನ ಆದದ್ದು ಇಷ್ಟೇ. ಗೇಟಿನ ಬಳಿ ಮಾಲೀಕರ ವಿದಾಯ ಭಾಷಣ ಎರಡನೇ ಗಂಟೆಗೆ ಕಾಲಿಟ್ಟಿತ್ತು. ಉಳಿದವರೆಲ್ಲ ಭಾಷಣಕ್ಕೆ ಮುಂಚೆಯೇ ಬಿಲ್ಲೆ ಹಾಕಿದ್ದರು. ಅಷ್ಟರಲ್ಲಿ ಹಿಂದಿನ ಗೋಡೆಯಾಚೆಯಿಂದ ಹೆಂಡತಿ ಕೂಗಿದಳು: ಮುಂಬಾಗಿಲು ಎಳೆದುಕೊಂಡುಬಿಟ್ಟಿದೆ, ಕೀಲಿಕೈ ನಿಮ್ಮ ಹತ್ರ, ಒಲೆ ಮೇಲೆ ಹಾಲಿದೆ. ಹಾಜರಪ್ಪ ಎರಡು ನಿಮಿಷಕ್ಕೆಂದು ಗೋಡೆ ಹಾರಿದ. ಹಾಲು ಉಕ್ಕಿ ಒಲೆ ತುಂಬಿತ್ತು. ಒರೆಸಿ, ತೊಳೆದು, ಗೇಟಿಗೆ ಬರುವಷ್ಟರಲ್ಲಿ ಕಾರ್ಖಾನೆಗೆ ಶಾಶ್ವತವಾಗಿ ಬೀಗ ಬಿದ್ದಿತ್ತು.

“ಬರೆದವರು ತಪ್ಪು ಮಾಡಿರಬಹುದಾ?” ಮೇಡಂ ಕೇಳಿದರು. ಅದು ಅವರು ನೀಡಿದ ಕೊನೆಯ ಅವಕಾಶವಾಗಿತ್ತು.

“ಬರೆದವನು ಇಪ್ಪತ್ತಾರು ವರ್ಷದಲ್ಲಿ ಒಂದೂ ತಪ್ಪು ಮಾಡಿಲ್ಲ ಮೇಡಂ,” ಎಂದ ಹಾಜರಪ್ಪ. ನಾಲಗೆ ಅವನನ್ನು ಕೇಳದೆಯೇ ಹೇಳಿಬಿಟ್ಟಿತು.

“ಹಾಗಾದ್ರೆ ಮನುಷ್ಯ ಒಳಗಿದ್ದಾನೆ,” ಎಂದು ಮೇಡಂ ಅಗ್ನಿಶಾಮಕ ಠಾಣೆಗೆ ಫೋನು ಹಚ್ಚಿದರು.

ಸುದ್ದಿ ಅಗ್ನಿಶಾಮಕ ಗಾಡಿಗಿಂತ ಬೇಗ ಬಂತು. ಹನ್ನೊಂದು ವರ್ಷದಿಂದ ಕಾರ್ಖಾನೆಯೊಳಗೆ ಒಬ್ಬ ಮನುಷ್ಯ ಸಿಕ್ಕಿಹಾಕಿಕೊಂಡಿದ್ದಾನೆ ಎಂದು ಬೀದಿಗೆ ಬೀದಿಯೇ ಗೇಟಿನ ಮುಂದೆ ನೆರೆಯಿತು. ಪಕ್ಕದ ಸಂದಿಯ ಇಸ್ತ್ರಿಯವಳು ತನ್ನ ಗಂಡನ ಎರಡು ಪ್ಯಾಂಟು ತಂದಳು. ಹನ್ನೊಂದು ವರ್ಷ ಒಂದೇ ಪ್ಯಾಂಟಿನಲ್ಲಿ ಯಾರಿಗೆ ತಾನೇ ಆಗುತ್ತದೆ ಎಂದು ಅವಳ ವಾದ. ಭಾವಮೈದ ಅಂಗಡಿಯಿಂದ ನೂರಡಿ ಪೈಪು ತಂದ.

“ಸಂದಿಯಲ್ಲಿ ತೂರಿಸಿ ಗಂಜಿ ಬಿಡೋಣ ಭಾವ. ಪಾಪ, ಮೊದಲೇ ಹೊಟ್ಟೆ ತುಂಬ ಕೊಡಬಾರದು.”

ಮೇಸ್ತ್ರಿ ಯಾರೂ ಕೇಳದಿದ್ದರೂ ಸಾಕ್ಷಿ ನುಡಿದ. “ನನಗೆ ಮೂರು ವರ್ಷದಿಂದ ಕೆಮ್ಮು ಕೇಳಿಸ್ತಾ ಇದೆ. ಹಿಂದುಗಡೆಯಿಂದ. ಒಣಕೆಮ್ಮು. ಹೇಳಿದ್ರೆ ಯಾರು ನಂಬ್ತಾರೆ ಅಂತ ಸುಮ್ನಿದ್ದೆ.”

ಅಗ್ನಿಶಾಮಕ ಅಧಿಕಾರಿ ಹೆಲ್ಮೆಟ್ಟು ಕಂಕುಳಲ್ಲಿ ಹಿಡಿದು ಹಾಜರಪ್ಪನನ್ನು ಪಕ್ಕಕ್ಕೆ ಕರೆದರು. ಕಾಣೆಯಾದವನನ್ನು ಬಲ್ಲವನು ಅವನೊಬ್ಬನೇ, ಏಕೆಂದರೆ ಯಾವ ನಂಬರು ಯಾರದೆಂದು ಹಾಜರಿಯವನನ್ನು ಬಿಟ್ಟು ಬೇರೆಯವರಿಗೆ ಗೊತ್ತಿರಲಿಲ್ಲ.

“ನೋಡೋಕೆ ಹೇಗಿದ್ದ?”

“ಸಾಧಾರಣ.”

“ಎತ್ತರ?”

“ನನ್ನಷ್ಟು.”

“ಸ್ವಭಾವ?”

ಹಾಜರಪ್ಪ ಅಂಗಿಯ ಕಾಲರು ಸರಿಮಾಡಿಕೊಂಡ. “ಒಳ್ಳೆಯವನು. ಶಿಸ್ತಿನ ಮನುಷ್ಯ.”

“ಮನೆಯವರು ಯಾರೂ ಹುಡುಕಿಕೊಂಡು ಬರ್ಲಿಲ್ವಾ?”

“ಹೆಂಡತಿ ಇದ್ದಾಳೆ.”

“ಎಂಥಾ ಹೆಂಗಸ್ರಿ ಅವಳು!” ಎಂದರು ಅಧಿಕಾರಿ. ಹೆಂಡತಿ ಗುಂಪಿನಲ್ಲೇ ನಿಂತು ಇಸ್ತ್ರಿಯವಳ ಪ್ಯಾಂಟುಗಳನ್ನು ಹಿಡಿದುಕೊಂಡಿದ್ದಳು.

ಗೇಟಿನ ಬೀಗ ಒಡೆದರು. ಯೋಜನಾ ಕಚೇರಿಯಿಂದ ಬಂದಿದ್ದ ಕಾವಲಿನವನು ಎಲ್ಲರ ಹೆಸರನ್ನೂ ಸಂದರ್ಶಕರ ಪುಸ್ತಕದಲ್ಲಿ ಬರೆದುಕೊಂಡು ಒಳಗೆ ಬಿಟ್ಟ. ಹೀಗೆ ಹಾಜರಪ್ಪ ತನ್ನನ್ನೇ ಹುಡುಕಲು ಹೊರಟ. ಅರ್ಧ ಮನಸ್ಸಿನಿಂದ ಹುಡುಕಿದ ಎಂದು ಯಾರೂ ಹೇಳುವಂತಿಲ್ಲ. ಅಚ್ಚು ವಿಭಾಗ, ಹೊಳಪು ವಿಭಾಗ, ಕಪಾಟಿನ ಒಳಗು, ಬಾಯ್ಲರಿನ ಹೊಟ್ಟೆ, ಎಲ್ಲ ಕಡೆ ಟಾರ್ಚು ಬಿಟ್ಟು ಇಣುಕಿದ. ಕೊನೆಗೆ ಅಧಿಕಾರಿ ಅಂಗಳದ ನಡುವೆ ನಿಂತು ಧ್ವನಿವರ್ಧಕ ಎತ್ತಿದರು.

“ನಂಬರು ಒಂದು! ನಂಬರು ಒಂದು! ಎಲ್ಲಿದ್ದರೂ ಉತ್ತರ ಕೊಡಿ!”

ಇಪ್ಪತ್ತಾರು ವರ್ಷದ ಅಭ್ಯಾಸ. ಪ್ರತಿದಿನ ಬೆಳಿಗ್ಗೆ ತನ್ನ ನಂಬರನ್ನು ತಾನೇ ಕೂಗಿ, ತಾನೇ ಹಾಜರ್ ಎಂದು ಹೇಳಿ, ತಾನೇ ಬರೆದುಕೊಳ್ಳುತ್ತಿದ್ದವನು ಅವನು. ಹಾಜರಪ್ಪನ ಬಾಯಿ ತೆರೆಯಿತು. “ಹಾ...” ಎಂಬಷ್ಟು ಹೊರಗೆ ಬಂತು. ಉಳಿದದ್ದನ್ನು ಅವನು ಹಲ್ಲು ಕಚ್ಚಿ ಒಳಕ್ಕೆಳೆದುಕೊಂಡ. ಅದು ಗಂಟಲಲ್ಲಿ ಸಿಕ್ಕಿ ಕೆಮ್ಮಾಯಿತು.

“ಅದೇ!” ಎಂದು ಮೇಸ್ತ್ರಿ ಹಾರಿಬಿದ್ದ. “ಅದೇ ಕೆಮ್ಮು! ಹತ್ರದಲ್ಲೇ ಇದ್ದಾನೆ ಸಾರ್!”

ಸಂಜೆಯವರೆಗೆ ಹುಡುಕಿದರು. ಅಧಿಕಾರಿಯ ವರದಿ ಒಂದೇ ಸಾಲಿನದು: ‘ವ್ಯಕ್ತಿಯ ಇರುವಿಕೆ ಕಿವಿಗೆ ಬಿದ್ದಿದೆ, ಕಣ್ಣಿಗೆ ಬಿದ್ದಿಲ್ಲ.’ ವ್ಯಕ್ತಿ ಸಿಗುವ ತನಕ ಕಾರ್ಖಾನೆಯ ಯಾವ ಮೂಲೆಯಲ್ಲೂ ಯಾರೂ ಗುದ್ದಲಿ ಊರಕೂಡದು. ಹಾಜರಪ್ಪನ ನಲವತ್ತಡಿ, ಹದಿನೆಂಟಡಿಯ ಸುತ್ತ ಕೆಂಪು ಪಟ್ಟಿ ಬಿಗಿದರು. ಬೋರ್ಡು ಪಟ್ಟಿಯ ಒಳಗೇ ಉಳಿಯಿತು. ಹೂ ಕೀಳಬಾರದು.

ತಿಂಗಳು ಮುಗಿಯಲು ಒಂದು ದಿನ ಉಳಿದಿತ್ತು. ಅಂದು ಮಧ್ಯಾಹ್ನ ಡ್ರಮ್ಮಿನ ತಳ ಸದ್ದಿಲ್ಲದೆ ಕಳಚಿತು. ಮಣ್ಣು ಮೆಟ್ಟಿಲಿಳಿಯಿತು. ಹೆಂಡತಿ ಓಡಿ ಬಂದು ವಾಲಿದ ನಿಂಬೆಗಿಡವನ್ನು ಎರಡು ಕೈಯಲ್ಲಿ ತಬ್ಬಿ ಹಿಡಿದು ಗೋಡೆಗೆ ಒರಗಿದಳು. ಮೇಲಿನ ಮೆಟ್ಟಿಲಲ್ಲಿ ಮೇಸ್ತ್ರಿ ಸುಣ್ಣದ ಬಕೆಟ್ಟು ಹಿಡಿದು ನಿಂತು ನೋಡಿದ.

“ನಾಳೆ,” ಎಂದಷ್ಟೇ ಹೇಳಿ ಹತ್ತಿ ಹೋದ.

ಗಿಡದ ತುದಿಯಲ್ಲಿ ಕಟ್ಟಿದ್ದು ಅವಳ ಕಿವಿಯ ಪಕ್ಕ ಟಿಣ್ ಎಂದಿತು. ಕಾಗೆಗೆಂದು ಕಟ್ಟಿದ ಹಿತ್ತಾಳೆ. ಕಾರ್ಖಾನೆ ಮುಚ್ಚಿದ ವಾರ, ಒಗೆಯುವ ಮುಂಚೆ ಗಂಡನ ಪ್ಯಾಂಟಿನ ಜೇಬು ತಡವಿದಾಗ ಸಿಕ್ಕಿದ್ದು. ಅವಳು ಅದನ್ನು ತಿರುಗಿಸಿ ನೋಡಿದಳು.

“ರೀ. ಒಂದನೇ ನಂಬರು ನಿಮ್ದಲ್ವಾ?”

ಹಾಜರಪ್ಪ ಮಣ್ಣು ಬಾಚುತ್ತಿದ್ದ.

“ಊರೆಲ್ಲ ನಿಮ್ಮನ್ನ ಹುಡುಕ್ತಾ ಇದೆ. ನೀವೂ ಅವರ ಜೊತೆ ಟಾರ್ಚು ಹಿಡ್ಕೊಂಡು ಹೋಗಿದ್ರಿ.”

“ಪುಸ್ತಕ ತಪ್ಪಾಗಿದೆ ಅಂತ ಹೇಗೆ ಹೇಳೋದೇ?”

“ಬಾಯಿಂದ,” ಎಂದಳು ಹೆಂಡತಿ. “ನಾನು ಇದನ್ನ ಎಷ್ಟು ಹೊತ್ತು ಹಿಡ್ಕೊಳ್ಳಲಿ?”

ಮರುದಿನ ಕಚೇರಿ ಬಾಗಿಲು ತೆರೆಯುವಾಗ ಹಾಜರಪ್ಪ ಹೊಸ್ತಿಲಲ್ಲಿದ್ದ. ಮೇಡಂ ಅವರ ಮೇಜಿನ ಮೇಲೆ ಬಿಲ್ಲೆ ಇಟ್ಟು, ನೆಲ ನೋಡುತ್ತ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಮೇಡಂ ಬಿಲ್ಲೆಯನ್ನು ನೋಡಿದರು, ಅವನನ್ನು ನೋಡಿದರು, ಪುಸ್ತಕವನ್ನು ನೋಡಿದರು.

“ನೀವು ಇಲ್ಲಿದ್ದೀರಿ ಅನ್ನೋದು ಕಾಣ್ತಾ ಇದೆ. ಹೊರಗೆ ಬಂದಿದ್ದೀರಿ ಅನ್ನೋದು ಎಲ್ಲಿದೆ?”

ಗೇಟಿನ ಗೂಡಿನಲ್ಲಿ ಹಾಜರಪ್ಪನೇ ಕೂತಿದ್ದರೂ ಅದನ್ನೇ ಕೇಳುತ್ತಿದ್ದ.

“ಮೊನ್ನೆ ಗೇಟಿಂದಾನೇ ಬಂದ್ನಲ್ಲ ಮೇಡಂ, ಎಲ್ಲರ ಎದುರಿಗೆ.”

“ಅದು ಸಂದರ್ಶಕರ ಪುಸ್ತಕದಲ್ಲಿದೆ. ಸಂದರ್ಶಕ ಹೋದ, ಸಂದರ್ಶಕ ಬಂದ. ಕೆಲಸಗಾರ ಬಂದಿಲ್ಲ.” ಮೇಡಂ ಕರವಸ್ತ್ರ ಮಡಚಿದರು. “ಹೋದ ದಾರೀಲೇ ವಾಪಸ್ ಒಳಗೆ ಹೋಗಿ. ಗೋಡೆಯಿಂದ. ಆಮೇಲೆ ಗೇಟಿಂದ ಹೊರಗೆ ಬನ್ನಿ, ಬಿಲ್ಲೆ ಹಾಕಿ, ಬರೀರಿ. ನಾನು ಪುಸ್ತಕ ತರ್ತೀನಿ. ನಿಮ್ಮ ಕಾರ್ಖಾನೆ ಎಷ್ಟೊತ್ತಿಗೆ ಬಿಡ್ತಾ ಇತ್ತು?”

“ಐದೂಕಾಲು.”

“ಐದೂಕಾಲಕ್ಕೆ ಬನ್ನಿ. ಅದಕ್ಕಿಂತ ಮುಂಚೆ ಬಂದ್ರೆ ಕೆಲಸದ ಹೊತ್ತಲ್ಲಿ ಬಂದ ಹಾಗಾಗುತ್ತೆ.”

ಮನೆಯಲ್ಲಿ ಹೆಂಡತಿ ಆ ವೇಳೆಗಾಗಲೇ ಮೇಲ್ಮನೆಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿ ಬಂದಿದ್ದಳು. ಮೇಸ್ತ್ರಿ ನಗಲಿಲ್ಲ. ಬಹಳ ವರ್ಷ ಕಾದವನಿಗೆ ನಗಲು ಅವಸರವಿರುವುದಿಲ್ಲ.

“ಐದೂಕಾಲು ತನಕ ಸುಣ್ಣ ಮುಟ್ಟಲ್ಲಮ್ಮ,” ಎಂದನಂತೆ. “ಒಂದು ನಿಮಿಷ ತಡ ಆದ್ರೂ ಕಸದ ಗಾಡಿ. ಗೇಟಿನ ಹತ್ರ ನಾನೇ ಇರ್ತೀನಿ.”

ನಾಲ್ಕೂಮುಕ್ಕಾಲಿಗೆ ಹಾಜರಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಡುಗೆಮನೆಯ ಹಿಂದೆ ಬಂದು ಗೋಡೆ ನೋಡಿದ. ಹನ್ನೊಂದು ವರ್ಷದಲ್ಲಿ ಗೋಡೆ ಬೆಳೆದಿರಲಿಲ್ಲ. ಆದರೂ ಹಾಗೆ ಕಂಡಿತು. ಭಾವಮೈದ ಏಣಿ ಹಿಡಿದ.

“ಭಾವ, ನಿಮ್ಮ ತೋಟ ಬಹಳ ಎತ್ತರದಲ್ಲಿದೆ.”

“ಸುಮ್ನೆ ಹಿಡ್ಕೊಳ್ಳೋ,” ಎಂದಳು ಅಕ್ಕ.

ಗೋಡೆಯ ತುದಿಯಲ್ಲಿ ಎರಡೂ ಕಡೆ ಕಾಲು ಬಿಟ್ಟುಕೊಂಡು ಕೂತ ಹಾಜರಪ್ಪ ಗಡಿಯಾರ ನೋಡಿಕೊಂಡ. ಆಮೇಲೆ ಆಚೆಗೆ ಬಿದ್ದ. ಬೂದಿಯಲ್ಲಿ ಬಿದ್ದದ್ದರಿಂದ ಮೂಳೆಗೆ ಏನೂ ಆಗಲಿಲ್ಲ. ಎದ್ದು ನಿಂತಾಗ ಅಂಗಿಗೆ ಹದಿನಾಲ್ಕು ಬಟನ್ ಅಂಟಿದ್ದವು, ಅವುಗಳಲ್ಲಿ ಏಳು ಅಂಗಿಯವೇ.

ಅಂಗಳ ದಾಟಿ ಗೂಡಿಗೆ ಬಂದಾಗ ಐದು ಗಂಟೆ ಒಂಬತ್ತು ನಿಮಿಷ. ಮೇಡಂ ಪುಸ್ತಕ ಬಿಚ್ಚಿ, ಮೊಹರು ಬಿಸಿ ಮಾಡುವವರಂತೆ ಅದರ ಮೇಲೆ ಊದುತ್ತ ಕಾದಿದ್ದರು. ಪಕ್ಕದಲ್ಲಿ ಅಗ್ನಿಶಾಮಕ ಅಧಿಕಾರಿ. ಅವರ ಪಕ್ಕ, ಕೈ ಕಟ್ಟಿಕೊಂಡು, ಮೇಸ್ತ್ರಿ. ಹಲಗೆಯ ಮೇಲೆ ಮುನ್ನೂರ ಹನ್ನೊಂದು ಬಿಲ್ಲೆ ಧೂಳು ಹಿಡಿದು ತೂಗುತ್ತಿದ್ದವು. ಮೊದಲನೆಯ ಮೊಳೆ ಖಾಲಿ. ಹಾಜರಪ್ಪ ಬಿಲ್ಲೆಯನ್ನು ಪ್ಯಾಂಟಿಗೆ ಒರೆಸಿ ಮೊಳೆಗೆ ಹಾಕಿದ. ಕೆಂಪು ಶಾಯಿಯ ಪೆನ್ನು ತೆಗೆದ. ಹೊರಗೆ ಹೋದ ಸಮಯದ ಕಾಲಂನಲ್ಲಿ ತಾರೀಕು ಸಮೇತ ಬರೆದ: ಐದೂಕಾಲು. ಕಾರಣದ ಕಾಲಂನಲ್ಲಿ ಪೆನ್ನು ನಿಂತಿತು. ಮೇಸ್ತ್ರಿ ಹೆಗಲ ಮೇಲಿಂದ ಬಗ್ಗಿದ.

‘ಮನೆಯಿಂದ ಕರೆ,’ ಎಂದು ಬರೆದ ಹಾಜರಪ್ಪ. ಅಭ್ಯಾಸ ಕೈಬಿಡದೆ ಮುಂದುವರಿಸಿದ: ‘ಒಪ್ಪಿಲ್ಲ.’

“ಒಪ್ಪದಿದ್ರೆ ನೀವು ಹೊರಗೆ ಬಂದ ಹಾಗಲ್ಲ,” ಎಂದರು ಮೇಡಂ. “ಒಪ್ಪಿ.”

ಒಪ್ಪಿಲ್ಲ ಎಂಬುದನ್ನು ಹೊಡೆದುಹಾಕಲು ಹಾಜರಪ್ಪ ಪೆನ್ನು ಊರಿದ.

“ತಡೀರಿ,” ಎಂದ ಮೇಸ್ತ್ರಿ. “ನಿಮ್ಮನೆ ಕರೆ ಒಪ್ಪೋದಾದ್ರೆ ನಮ್ಮನೆ ಕರೇನೂ ಒಪ್ಪಬೇಕು. ಹಾಲು ಉಕ್ಕೋದು ಕಾರಣ, ಹೆರಿಗೆ ಕಾರಣ ಅಲ್ವಾ?”

“ಇದು ಬೇರೆ ವಿಷಯ,” ಎಂದರು ಅಧಿಕಾರಿ.

“ಕಾಲಂ ಒಂದೇ,” ಎಂದರು ಮೇಡಂ. ಅವರು ಮೊದಲ ಬಾರಿ ಕರವಸ್ತ್ರವನ್ನು ಮೇಜಿನ ಮೇಲಿಟ್ಟಿದ್ದರು.

ಹಾಜರಪ್ಪ ಗೂಡಿನ ಹಿಂದಿನ ಕಪಾಟು ತೆರೆದ. ಇಪ್ಪತ್ತಾರು ವರ್ಷದ ಪುಸ್ತಕಗಳು, ಅರ್ಧ ಹುಳುವಿನವು, ಅರ್ಧ ಅವನವು. ಮೇಸ್ತ್ರಿ ವರ್ಷ ಹೇಳಿದ, ತಿಂಗಳು ಹೇಳಿದ, ತಾರೀಕು ಹೇಳಿದ, ಎಡಪುಟದ ಕೆಳಗಿನಿಂದ ಆರನೇ ಸಾಲು ಎಂದೂ ಹೇಳಿದ. ಅಲ್ಲೇ ಇತ್ತು. ಕೆಂಪು ಮಾಸಿ ಕಂದಾಗಿತ್ತು. ಐದು ಗಂಟೆ ಹದಿಮೂರು ನಿಮಿಷ. ಹಾಜರಪ್ಪ ನೀಲಿ ಪೆನ್ನು ತೆಗೆದು ‘ಒಪ್ಪಿಲ್ಲ’ವನ್ನು ಒಂದೇ ಗೆರೆಯಲ್ಲಿ ಹೊಡೆದು ಮೇಲೆ ಬರೆದ: ‘ಒಪ್ಪಿದೆ.’ ಸಹಿ ಹಾಕಿದ. ಆಮೇಲೆ ತನ್ನದಕ್ಕೂ ಹಾಗೇ ಮಾಡಿದ.

ಮೇಸ್ತ್ರಿ ಹಳೆಯ ಪುಟವನ್ನು ಎರಡು ಸಲ ಓದಿದ.

“ಏಳು ಪೌಂಡ್ ಇದ್ಲು ಮಗು,” ಎಂದ.

“ನೀವು ಹೇಳ್ಲೇ ಇಲ್ಲ,” ಎಂದ ಹಾಜರಪ್ಪ.

“ಕಾಲಂನಲ್ಲಿ ಜಾಗ ಇರ್ಲಿಲ್ಲ.”

ಐದೂಕಾಲಕ್ಕೆ ಮೇಡಂ ಮೊಹರು ಒತ್ತಿದರು. ಬಟನ್ ಕಾರ್ಖಾನೆ ಮುಚ್ಚಿತು. ಅವರ ಚೀಲದಲ್ಲಿ ತೋಟದ ಅನುಮತಿ ಪತ್ರ ಟೈಪಾಗಿ ಸಿದ್ಧವಿತ್ತು. ಇಪ್ಪತ್ತನೆಯ ಪುಟವೊಂದಕ್ಕೆ ತಡೆದಿತ್ತಷ್ಟೆ. ಕೊನೆಯ ಷರತ್ತನ್ನು ಅವರು ಬಾಯಲ್ಲೇ ಓದಿ ಹೇಳಿದರು: “ತೋಟ ಇರಬಹುದು. ಬೋರ್ಡಿಗೆ ಬೇರೆ ಅರ್ಜಿ.”

ಕೆಂಪು ಪಟ್ಟಿಯನ್ನು ಅಧಿಕಾರಿ ತಾವೇ ಬಿಚ್ಚಿದರು. ಬೋರ್ಡನ್ನು ಕಿತ್ತು ಮಗುಚಿ ಭಾವಮೈದ ನಿಂಬೆಗಿಡಕ್ಕೆ ಹಲಗೆ ಮಾಡಿದ. ಅದರ ಮೇಲೆ ಬೇರು ಸಮೇತ ಗಿಡ ಇಟ್ಟು, ಒಂದು ಕಡೆ ಅವನೂ ಇನ್ನೊಂದು ಕಡೆ ಮೇಸ್ತ್ರಿಯೂ ಎತ್ತಿ, ಸಂದಿಯ ಬೇಲಿ ಸರಿಸಿ ಒಳಗೆ ತಂದರು. ಇಬ್ಬರೂ ಒಂದೊಂದು ಅಡಿ ಅಗೆದರು. ಗುದ್ದಲಿಗೆ ಮಣ್ಣಿಗಿಂತ ಬಟನ್ನೇ ಹೆಚ್ಚು ಬಂತು. ತನ್ನ ಕೈ ಕೊರೆದ ತೂತುಗಳನ್ನು ಮೇಸ್ತ್ರಿ ಗುರುತು ಹಿಡಿದು ಪಕ್ಕಕ್ಕಿಟ್ಟ. ಗಿಡ ನೆಟ್ಟಗೆ ನಿಂತಿತು. ಹೆಂಡತಿ ಅದಕ್ಕೊಂದು ಚೊಂಬು ನೀರೆರೆದು ಅಡುಗೆಮನೆಗೆ ಹೋದಳು. ಬಿಲ್ಲೆಯಿಲ್ಲದ ತುದಿಯ ಮೇಲೆ ಕಾಗೆಯೊಂದು ಬಂದು ಕೂತು, ನೋಡಿ, ಹೋಯಿತು.

ಹಾಜರಪ್ಪ ಮಾತ್ರ ಅಲ್ಲಿರಲಿಲ್ಲ. ತೋಟ ಕಾಂಪೌಂಡಿನ ಒಳಗೇ ಇತ್ತು, ಅಂಗಳ ದಾಟಿದರೆ ಸಾಕು. ಆದರೆ ಅವನು ಗೇಟಿನಿಂದ ಹೊರಟು ಕಾರ್ಖಾನೆಯನ್ನು ಪೂರ್ತಿ ಸುತ್ತಿ, ಮುಂದಿನ ಬೀದಿಗೆ ಬಂದು, ಇಸ್ತ್ರಿ ಅಂಗಡಿ ದಾಟಿ, ಬೂದಿ ಅಂಗಿಯಲ್ಲಿ ಕಾಗದ ಹಿಡಿದುಕೊಂಡು ನಡೆದ. ಇಪ್ಪತ್ತಾರು ವರ್ಷ ಪ್ರತಿ ಸಂಜೆ ನಡೆದ ದಾರಿ.

ಆ ಕಾಲದಲ್ಲಿ ಅವನು ಚಪ್ಪಲಿ ಬಿಡುವ ಸದ್ದಿಗೆ ಹೆಂಡತಿ ಅಡುಗೆಮನೆಯಿಂದ ಒಂದು ಮಾತು ಕೇಳುತ್ತಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ಕೇಳಿರಲಿಲ್ಲ. ಹಗಲೆಲ್ಲ ಮನೆಯಲ್ಲೇ ಕೂತಿರುವವನನ್ನು ಹಾಗೆ ಕೇಳಲು ಯಾರಿಗೆ ನೆನಪಾಗುತ್ತದೆ.

ಮೆಟ್ಟಿಲು ಬರಿದಾಗಿತ್ತು. ಹಾಜರಪ್ಪ ಬಾಗಿಲಲ್ಲಿ ಚಪ್ಪಲಿ ಬಿಟ್ಟ.

“ಬಂದ್ರಾ?” ಎಂದಿತು ಒಳಗಿನಿಂದ ದನಿ.

ಹಾಜರಪ್ಪ ಅಭ್ಯಾಸದಂತೆ ಬಾಗಿಲ ಪಕ್ಕದ ಗೋಡೆ ನೋಡಿದ. ಅಲ್ಲಿ ಮೊಳೆ ಇರಲಿಲ್ಲ.

“ಬಂದೆ,” ಎಂದ.